ಗುಂಡಿಗೆ ಹಿಗ್ಗಿದ್ದಕ್ಕೆ ಹಂಚಿದ ಪೇಢೆ

ನನ್ನ ಮೊಮ್ಮಗನ ಗುಂಡಿಗೆ ಸಣ್ಣದಾಗಿದೆ. ನಿನ್ನೆ ಮುಂಜಾನೆ ಗದಗಿನ ದವಾಖಾನೆಯಲ್ಲಿ ಡಾಕ್ಟರು ಎದೆಯ ಹೊಸ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದರು, ಪಕ್ಕದಲ್ಲೇ ಹಳೆಯದನ್ನೂ ಹಿಡಿದರು, ಎರಡನ್ನೂ ನೋಡಿ ನಕ್ಕರು. “ಸಣ್ಣದಾಗೈತಿ ನೋಡ್ರಿ ಆಯಿ. ಎಲ್ಲಾರದೂ ಇದ್ದಂಗ ಆಗೈತಿ. ರೋಗ ಇಲ್ಲ, ಏನಿಲ್ಲ. ಹುಡುಗ ಇನ್ನ ಸಾವಕಾಶ ಅಖಾಡಕ್ಕ ಇಳೀಲಿ” ಎಂದರು. ನಾನು ಅವರ ಟೇಬಲ್ಲಿನ ಮೇಲೆ ತಲೆಯಿಟ್ಟು ಅತ್ತೆ, ತಲೆಯೆತ್ತಿ ನಕ್ಕೆ, ಆಮೇಲೆ ಎರಡನ್ನೂ ಕೂಡಿಸಿಯೇ ಮಾಡಿದೆ. ಮೊಮ್ಮಗ ಮಲ್ಲು ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನು ಮರೆತು ಹಾಗೆಯೇ ನಿಂತಿದ್ದ.

ಬೆಟಗೇರಿಯ ನಮ್ಮ ಓಣಿಗೆ ಕಾಲಿಟ್ಟವಳೇ ಕಂಡಕಂಡವರಿಗೆ ಹೇಳತೊಡಗಿದೆ. ಹೊಂಬಳದಿಂದ ಬುಟ್ಟಿ ಹೊತ್ತು ಬರುವ ಕಾಯಿಪಲ್ಯದವಳು ಎದುರಾದಳು. “ನಮ್ಮ ಮಲ್ಲೂನ ಗುಂಡಿಗಿ ಸಣ್ಣದಾತವಾ” ಎಂದೆ. ಅವಳು ಬುಟ್ಟಿ ಇಳಿಸಿ, ಮಲ್ಲೂನ ಕುತ್ತಿಗೆ, ತೋಳು ಎಲ್ಲ ನೋಡಿ, “ಅಯ್ಯ ಶಿವನ, ಇಷ್ಟ ಗಟ್ಟಿ ಹುಡುಗ, ಯಾರನ್ನ ನೋಡಿ ಅಂಜಿದನವಾ?” ಎಂದಳು.

ಅವಳದೇನೂ ತಪ್ಪಲ್ಲ. ನಮ್ಮ ಕಡೆ ಗುಂಡಿಗೆ ದೊಡ್ಡದಿದ್ದವನೇ ಗಂಡಸು. ಸಣ್ಣದಾಯಿತೆಂದು ಪೇಢೆ ಹಂಚಿದ ಮನೆ ಗದಗ-ಬೆಟಗೇರಿಯಲ್ಲೆಲ್ಲ ನಮ್ಮದೊಂದೇ ಇರಬೇಕು. ಅದಕ್ಕೂ ಮೊದಲು, ಇದೇ ಗುಂಡಿಗೆ ದೊಡ್ಡದಾಯಿತೆಂದು ಇದೇ ಓಣಿಯಲ್ಲಿ ಒಮ್ಮೆ ಪೇಢೆ ಹಂಚಿಯಾಗಿತ್ತು. ಆ ಪೇಢೆ ಹಂಚಿದವರು ವಸ್ತಾದ ಈರಪ್ಪನವರು. ನಿನ್ನೆಯ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾದ ಅವರೇ ಈಗ ನಮ್ಮ ಓಣಿಯಲ್ಲಿಲ್ಲ. ಅದಕ್ಕೇ ಅವರ ಬಗ್ಗೆ ಬರೆಯಲು ಕೂತಿದ್ದೇನೆ. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತು, ದೀರ್ಘ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ನನಗೆ ಇವತ್ತು ಪುರಸೊತ್ತಿಲ್ಲ.

ಗರಡಿಮನೆಯ ಗುರುವಿಗೆ ನಾವು ವಸ್ತಾದ ಎನ್ನುತ್ತೇವೆ. ಈರಪ್ಪ ವಸ್ತಾದರು ಯಾರನ್ನು ಕಂಡರೂ ಮೊದಲು ಮಣಿಕಟ್ಟು ಹಿಡಿಯುವವರು. ಕೈ ಮುಗಿಯುವುದು, ಆರಾಮ ಇದ್ದೀರೇನು ಎಂದು ಕೇಳುವುದು ಎಲ್ಲ ಆಮೇಲೆ. ಹೆಬ್ಬೆರಳಿನ ಬುಡದಲ್ಲಿ ಬೆರಳಿಟ್ಟು, ಕಣ್ಣು ಮುಚ್ಚಿ, ದೂರದಲ್ಲಿ ಯಾರೋ ಕರೆಯುವುದನ್ನು ಕೇಳಿಸಿಕೊಳ್ಳುವವರ ಹಾಗೆ ಕುತ್ತಿಗೆ ವಾಲಿಸಿ ನಿಂತುಬಿಡುತ್ತಿದ್ದರು. ಕುಸ್ತಿಯಲ್ಲಿ ಜಜ್ಜಿಸಿಕೊಂಡು ಅವರ ಕಿವಿಗಳು ಒಣ ಅಂಜೂರಿಯಂತೆ ಮುದುಡಿದ್ದವು. ಗೂಳಿಯ ಕುತ್ತಿಗೆ. ಅದರೊಳಗಿಂದ ಬರುವ ದನಿ ಮಾತ್ರ ಹೊಸ ಸೊಸೆಯದರಂತೆ ಸಣ್ಣದು. ತಲೆಗೂದಲಲ್ಲಿ ಸದಾ ಹತ್ತಿಯ ಎಳೆ. ಯಾಕೆಂದರೆ ಅವರು ನೇಕಾರರು. ಮುಂಜಾನೆ ಗರಡಿ, ಹಗಲೆಲ್ಲ ಮಗ್ಗ, ಸಂಜೆ ಮತ್ತೆ ಗರಡಿ.

ಮಣಿಕಟ್ಟು ಹಿಡಿದವರು ಗಡಿಯಾರ ನೋಡುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ನಾಡಿಗಳಲ್ಲಿ ಎರಡೇ ಜಾತಿ. ಒಂದು ಕೈಮಗ್ಗ, ಇನ್ನೊಂದು ಪವರ್‌ಲೂಮು. ಇಸವಿ ಎಪ್ಪತ್ತರ ಆಚೀಚೆ ಬೆಟಗೇರಿಯಲ್ಲಿ ಒಂದೊಂದೇ ಮನೆಗೆ ಪವರ್‌ಲೂಮು ಬರುತ್ತಿದ್ದ ಕಾಲವದು. ಓಣಿಯ ಒಂದು ತುದಿಯಲ್ಲಿ ದಡದಡ, ಇನ್ನೊಂದು ತುದಿಯಲ್ಲಿ ಖಟಕ್, ಖಟಕ್. ಗರಡಿಗೆ ಹೊಸದಾಗಿ ಬಂದ ಹುಡುಗನ ನಾಡಿ ದಡದಡ ಎನ್ನುತ್ತಿತ್ತು. ಬೈಠಕ ಹೊಡೆದು, ಕೆಮ್ಮಣ್ಣಿನಲ್ಲಿ ಹೊರಳಿ, ಒಂದೆರಡು ವರ್ಷ ತಾಲೀಮು ಮಾಡಿದ ಮೇಲೆ ಅದೇ ಹುಡುಗನ ನಾಡಿ ಖಟಕ್, ಖಟಕ್ ಎಂದು ಸಾವಕಾಶವಾಗುತ್ತಿತ್ತು.

“ಪವರ್‌ಲೂಮು ಜಲ್ದಿ ನೇಯ್ತೈತಿ, ಖರೆ. ಆದ್ರ ಕರೆಂಟ ಹೋತಂದ್ರ ಬಾಯಿ ತಕ್ಕೊಂಡ ನಿಲ್ತೈತಿ. ಕೈಮಗ್ಗಕ್ಕ ಯಾರ ಅಪ್ಪನ ಹಂಗೂ ಇಲ್ಲ” ಎನ್ನುತ್ತಿದ್ದರು. ಹೀಗೆಂದು ತಮ್ಮ ಮಣಿಕಟ್ಟನ್ನು ಎಲ್ಲರ ಮುಂದೆ ಚಾಚುತ್ತಿದ್ದರು. “ನಂದ ನೋಡ್ರಿ. ಇಳಕಲ್ ಸೀರಿ ನೇಯೂವಂಗ ನಡದೈತಿ.” ಅವರ ನಾಡಿ ಎಂಥ ಸಾವಕಾಶ ಎಂದರೆ, ಹಿಡಿದವರಿಗೆ ಒಂದು ಬಡಿತ ಸಿಕ್ಕ ಮೇಲೆ ಇನ್ನೊಂದಕ್ಕೆ ಕಾಯುತ್ತ ಆಕಳಿಕೆ ಬರುತ್ತಿತ್ತಂತೆ. ಅದೇ ಅವರ ದೊಡ್ಡ ಹೆಮ್ಮೆ.

ಒಮ್ಮೆ ಲಕ್ಷ್ಮೇಶ್ವರದ ಬಸ್ಸು ಹೊರಡುವ ಹೊತ್ತಿಗೆ ಇವರು ನೇರ ಡ್ರೈವರನ ಹತ್ತಿರ ಹೋಗಿ ಅವನ ಕೈ ಹಿಡಿದರು. “ತಮ್ಮಾ, ಪವರ್‌ಲೂಮ್ ನಡದೈತಿ. ಇಳದ ಬಂದು ಒಂದ ಚಾ ಕುಡಿ, ಸಮಾಧಾನ ಮಾಡ್ಕೊ, ಆಮ್ಯಾಲ ಹೊರಡು” ಎಂದರು. ಡ್ರೈವರನಿಗೆ ಆ ಮುಂಜಾನೆ ಮನೆಯಲ್ಲಿ ಹೆಂಡತಿಯ ಜೊತೆ ಜಗಳವಾಗಿತ್ತಂತೆ. ಅವನು ಕಣ್ಣು ತುಂಬಿಕೊಂಡು ಇಳಿದೇಬಿಟ್ಟ. ಬಸ್ಸಿನ ತುಂಬ ಜನ, ಒಳಗೆ ಸೆಕೆ. ಯಾರೋ, “ಓ ಪೈಲವಾನರ, ನಮ್ಮ ನಾಡಿನೂ ಈಗ ಪವರ್‌ಲೂಮ್ ಆಗೈತಿ, ನಮಗೂ ಚಾ ಹೇಳ್ರಿ” ಎಂದು ಕೂಗಿದರು. ವಸ್ತಾದರು ಅದನ್ನು ಖರೆ ಎಂದೇ ತಿಳಿದು, ಕೂಗಿದವನ ಕೈ ಹಿಡಿಯಲು ಬಸ್ಸು ಹತ್ತಿದರು.

ಅವರ ಶಾಸ್ತ್ರ ಯಾವಾಗಲೂ ಸರಿ ಬರುತ್ತಿತ್ತು ಎಂದು ತಿಳಿಯಬೇಡಿ. ಶಿರಹಟ್ಟಿಯಲ್ಲಿ ಒಂದು ಕುಸ್ತಿ. ಅಖಾಡದಲ್ಲಿ ಎದುರಾಳಿಯ ಕೈ ಕುಲುಕುವ ನೆಪದಲ್ಲಿ ನಾಡಿ ಹಿಡಿದು ಬಂದು ತಮ್ಮ ಹುಡುಗನ ಕಿವಿಯಲ್ಲಿ, “ಲೇ, ಅವಂದು ಪವರ್‌ಲೂಮು. ಸುಮ್ಮನ ಎಳದಾಡಿಸಿಕೋತ ಹೋಗು, ಕರೆಂಟ ಹೋಗ್ತೈತಿ, ಆವಾಗ ಕೆಡವು” ಎಂದರಂತೆ. ಹುಡುಗ ಎಳೆದಾಡಿಸಿದ, ಎಳೆದಾಡಿಸಿದ. ಕರೆಂಟು ಹೋಗಲಿಲ್ಲ. ನಮ್ಮ ಹುಡುಗನೇ ಅಂಗಾತ ಬಿದ್ದ. ಊರಿಗೆ ಬಂದ ಮೇಲೆ ಜನ ಕೇಳಿದರೆ, “ನನ್ನ ಲೆಕ್ಕ ತಪ್ಪಿಲ್ಲ. ಆ ಹುಡುಗ ಹೊಲಮನಿಯವ, ಅವನ ಎದ್ಯಾಗ ಡೀಸೆಲ್ ಇಂಜಿನ ಇತ್ತು” ಎಂದು ಹೇಳಿಬಿಟ್ಟರು.

ಪರಸ್ತ್ರೀಯರ ಕೈ ಮಾತ್ರ ಅವರು ಎಂದೂ ಹಿಡಿದವರಲ್ಲ. ನಮ್ಮ ಕಟ್ಟೆಯ ಮುಂದೆ ಹಾದುಹೋಗುವಾಗ, ತಲೆ ತಗ್ಗಿಸಿಕೊಂಡೇ, “ಗಂಗಕ್ಕಾರ, ನಿಮ್ಮ ಮಗ್ಗ ಹೆಂಗ ನಡದೈತ್ರಿ?” ಎಂದು ಕೇಳುತ್ತಿದ್ದರು. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತ, ಹಿಟ್ಟಿನ ಕೈಯಲ್ಲಿ ಯಾವ ನಾಡಿಯನ್ನೂ ಮುಟ್ಟದೆ, “ಕೈಮಗ್ಗ ಐತ್ರಿ ವಸ್ತಾದರ” ಎನ್ನುತ್ತಿದ್ದೆ. “ನೋಡದನ ಹೇಳ್ತೀರಿ ನೀವು” ಎಂದು ನಗುತ್ತ ಹೋಗುತ್ತಿದ್ದರು. ಇಷ್ಟು ವರ್ಷ ಇದೇ ನಡೆದಿದೆ.

ಮಲ್ಲು ಅವರ ಕೈಯಲ್ಲೇ ಬೆಳೆದ. ನನ್ನ ಮಗನಿಗೆ ಹತ್ತಿ ಗಿರಣಿಯ ಕೆಲಸ, ಸೊಸೆ ಶಾಂತವ್ವನಿಗೆ ಮನೆ ಕೆಲಸ. ಹುಡುಗನಿಗೆ ಹಾಲು ಕಾಸುವುದು, ಬಾದಾಮಿ ಅರೆದು ಥಂಡಾಯಿ ಮಾಡುವುದು ನನ್ನ ಪಾಲು. ಅವನ ನಾಡಿ ಪವರ್‌ಲೂಮಿನಿಂದ ಕೈಮಗ್ಗಕ್ಕೆ ಬಂದ ದಿನ ವಸ್ತಾದರು ಅವನನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯೆಲ್ಲ ತಿರುಗಿದ್ದರು. ಆಮೇಲೆ ಅವನು ಎತ್ತಲಾರದಷ್ಟು ಬೆಳೆದ. ಹೋದ ಬ್ಯಾಸಗಿಯ ಹೊತ್ತಿಗೆ, ನಮ್ಮ ಧಾರವಾಡ ಜಿಲ್ಲೆಯ ಕಡೆಯಿಂದ ಕುಸ್ತಿಗೆ ಹೋಗುವ ಹುಡುಗರಲ್ಲಿ ಅವನ ಹೆಸರೂ ಬಂತು. ಹೋಗುವ ಮುಂಚೆ ಎದೆಯ ಪರೀಕ್ಷೆ ಆಗಬೇಕೆಂದರು. ವಸ್ತಾದರು ಮಲ್ಲುವನ್ನು ಕರೆದುಕೊಂಡು ಗದಗಿನ ದವಾಖಾನೆಗೆ ಹೋದರು.

ಅಲ್ಲಿಯ ಡಾಕ್ಟರು ಹರೆಯದವರು, ಒಳ್ಳೆಯ ಮಾತಿನವರು. ಫೋಟೋ ನೋಡಿ, “ವಸ್ತಾದರ, ಹುಡುಗನ ಗುಂಡಿಗಿ ಹಿಗ್ಗೈತಿ ನೋಡ್ರಿ” ಎಂದರಂತೆ. ಅಷ್ಟೇ. ಮುಂದಿನ ಮಾತು ಕೇಳಲು ವಸ್ತಾದರು ಅಲ್ಲಿದ್ದರೆ ತಾನೆ. ಹಿಗ್ಗುವುದೆಂದರೆ ನಮಗೆ ಸಂತೋಷ ಪಡುವುದು. ಗುಂಡಿಗೆ ಹಿಗ್ಗಿದೆ ಎಂದು ಸ್ವತಃ ಡಾಕ್ಟರೇ ಫೋಟೋ ನೋಡಿ ಹೇಳಿದ ಮೇಲೆ ಇನ್ನೇನು ಬೇಕು. “ಅದು ಹಿಗ್ಗದ ಏನ್ ಮಾಡ್ತೈತ್ರಿ, ನಮ್ಮ ಗರಡ್ಯಾಗ ಬೆಳದದ್ದು” ಎಂದು ಹೇಳಿ, ಹುಡುಗನನ್ನು ಅಲ್ಲೇ ಬಿಟ್ಟು, ನೆಟ್ಟಗೆ ಪೇಢೆಯ ಅಂಗಡಿಗೆ ನಡೆದರು.

ಗದಗಿನಿಂದ ಬೆಟಗೇರಿಯವರೆಗೆ ಹಂಚುತ್ತಲೇ ಬಂದರು. ಟಾಂಗಾದವರಿಗೆ, ಕ್ಷೌರದ ಅಂಗಡಿಯಲ್ಲಿ ಮುಖಕ್ಕೆ ಸಾಬೂನು ಹಚ್ಚಿಕೊಂಡು ಕೂತವನಿಗೆ, ಪವರ್‌ಲೂಮಿನ ಮನೆಯವರಿಗೂ. “ಮಲ್ಲ್ಯಾನ ಗುಂಡಿಗಿ ಹಿಗ್ಗೈತಿ, ಫೋಟೋದಾಗ ಬಂದೈತಿ” ಎಂದು ಆ ಸಣ್ಣ ದನಿಯಲ್ಲಿ ಎಲ್ಲರಿಗೂ ಹೇಳಿದರು. ನಮ್ಮ ಕಟ್ಟೆಗೆ ಬಂದು ನನ್ನ ಯಜಮಾನರಿಗೆ, ನನಗೆ, ಶಾಂತವ್ವನಿಗೆ ಪೇಢೆ ಕೊಟ್ಟರು. ನಮ್ಮ ಯಜಮಾನರು, “ನನ್ನ ಗುಂಡಿಗಿ ಎಂದೂ ಫೋಟೋದಾಗ ಬರಲಿಲ್ಲ ನೋಡು” ಎಂದು ನಗುತ್ತಿದ್ದರು. ನನ್ನ ಬಾಯಲ್ಲಿ ಪೇಢೆ ಇನ್ನೂ ಕರಗಿರಲಿಲ್ಲ. ಆಗ ಮಲ್ಲು ಬಂದ.

ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. “ಆಯಿ, ಅದು ಖುಷಿ ಹಿಗ್ಗಲ್ಲ” ಎಂದ. “ಗುಂಡಿಗಿ ಉಬ್ಬಿ ದೊಡ್ಡದಾಗೈತಂತ. ರೋಗ ಇದ್ರೂ ಇರಬಹುದಂತ. ಕುಸ್ತಿ ಬಂದ್. ಬೈಠಕ ಬಂದ್. ಓಡೂದು ಬಂದ್. ಮಳಿಗಾಲ ದಾಟಿದ ಮ್ಯಾಲ ಇನ್ನೊಮ್ಮೆ ಫೋಟೋ ತಗೀತಾರಂತ.”

ವಸ್ತಾದರ ಕೈಯಲ್ಲಿ ಪೇಢೆಯ ಪೊಟ್ಟಣ ಹಾಗೇ ಇತ್ತು. ಅದನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟರು. ಸಂಜೆಯ ಹೊತ್ತಿಗೆ ಗರಡಿಗೆ ಹೋಗುವುದು ಬಿಟ್ಟು, ತಾವು ಪೇಢೆ ಕೊಟ್ಟ ಮನೆಮನೆಗೂ ಮತ್ತೆ ಹೋದರು. “ನಾ ಮುಂಜಾನಿ ಕೊಟ್ಟದ್ದು ಸಂತೋಷದ ಪೇಢೆ ಅಲ್ರಿ. ನಂಗ ತಿಳೀಲಿಲ್ಲ. ಅದು ಕಾಳಜಿ ಪೇಢೆ ಅಂತ ತಿಳ್ಕೊಂಡು, ಹುಡುಗನ ಸಲುವಾಗಿ ಒಂದೀಟು ದೇವರಿಗೆ ಕೈ ಮುಗೀರಿ” ಎಂದು ಹೇಳಿ ಬಂದರು. ತಿಂದು ಅರಗಿಸಿಕೊಂಡ ಪೇಢೆಯ ಅರ್ಥ ಬದಲಿಸಲು ಮನೆಮನೆ ತಿರುಗಿದ ಮನುಷ್ಯನನ್ನು ನಾನು ಇವರೊಬ್ಬರನ್ನೇ ನೋಡಿದ್ದು.

ಮರುದಿನ ನಾನೂ ಅವರೂ ಕೂಡಿ ಡಾಕ್ಟರ ಹತ್ತಿರ ಹೋದೆವು. ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. “ತಾಲೀಮು ಮಾಡಿ ಮಾಡಿ ಗುಂಡಿಗಿ ಹಿಗ್ಗೂದು ಉಂಟು. ಮೈಯಾಗ ಹೆಚ್ಚ ರಕ್ತ ಓಡಾಡಬೇಕಲ್ರಿ, ಅದಕ್ಕ. ಅಂಥಾ ಹಿಗ್ಗು ತಾಲೀಮು ಬಿಟ್ರ ಇಳೀತೈತಿ. ರೋಗದಿಂದ ಹಿಗ್ಗಿದ್ರ ಇಳಿಯಂಗಿಲ್ಲ. ಫೋಟೋದಾಗ ಎರಡೂ ಒಂದ ನಮೂನಿ ಕಾಣ್ತಾವು. ಅದಕ್ಕ ಕಾಯಬೇಕು.”

“ಒಳಗಿಂದ ತಿಳಿಯೂ ಹಾದಿ ಇಲ್ಲೇನ್ರಿ?” ಎಂದು ವಸ್ತಾದರು ಕೇಳಿದರು.

“ಗುಂಡಿಗಿ ಬರೇ ರಕ್ತ ನೂಕೂ ಪಂಪ ಅಂತ ತಿಳಕೊಂಡಿದ್ವಿ. ಈಗೀಗ ಪರದೇಶದಾಗ ಕಂಡು ಹಿಡದಾರ, ಅದರೊಳಗೂ ಒಂದು ರಸ ಆಗ್ತೈತಿ. ಗುಂಡಿಗಿ ಜಗ್ಗಿದಂಗಾದ್ರ ಆ ರಸ ರಕ್ತಕ್ಕ ಇಳೀತೈತಿ. ಮೂತ್ರಪಿಂಡಕ್ಕ ಹೋಗಿ, ಉಪ್ಪು ನೀರು ಹೊರಗ ಹಾಕು ಅಂತೈತಿ. ರಕ್ತನಾಳಕ್ಕ ಹೋಗಿ, ಸಡಲ ಬಿಡು ಅಂತೈತಿ. ತನ್ನ ಮ್ಯಾಲಿನ ಭಾರ ತಾನ ಇಳಿಸ್ಕೊಳ್ಳೂ ಉಪಾಯ. ಅದನ್ನ ಅಳಿಯೂ ಸಾಮಾನು ನಮ್ಮಲ್ಲೆ ಇಲ್ಲ.”

“ಅಖಾಡಕ್ಕ ಇಳಿಯೂ ಮುಂದ ಎದಿ ದಡದಡ ಅಂತೈತಲ್ರಿ, ಅದು ಯಾರ ಹೇಳಿ ಮಾಡ್ಸೂದು?”

“ಅದು ಬ್ಯಾರೆ ರಸ. ಮೂತ್ರಪಿಂಡದ ಮ್ಯಾಲೆ ಒಂದ ಗ್ರಂಥಿ ಐತಿ, ಅದು ಬಿಡ್ತೈತಿ. ಓಡು, ಹೊಡಿ, ಹಿಡಿ ಅಂತೈತಿ.”

ವಸ್ತಾದರು ಒಂದು ಗಳಿಗೆ ಕಣ್ಣು ಮುಚ್ಚಿದರು. “ಅಂದ್ರ ಅದು ಪವರ್‌ಲೂಮ್ ರಸ. ಇದು ಕೈಮಗ್ಗದ ರಸ” ಎಂದರು. ಡಾಕ್ಟರು ನಕ್ಕು, “ಹಂಗ ಅನ್ಕೋರಿ” ಎಂದರು. ವಸ್ತಾದರಿಗೆ ಇನ್ನೊಂದು ಹೊಳೆಯಿತು. “ಹಂಗಾದ್ರ ತಾಲೀಮು ಮುಗಿದ ಕೂಡಲೆ ಹುಡುಗ್ರು ಹಿತ್ತಲಕ್ಕ ಓಡ್ತಾರಲ್ರಿ, ಅದು ಗುಂಡಿಗಿ ಕಳಿಸಿದ ಖಬರೇನು?” ಡಾಕ್ಟರು, “ಒಂದೀಟು ಅದೂ ಇರಬಹುದು. ಈ ಆಯಿ ಮಾಡಿ ಕಳಿಸೂ ಥಂಡಾಯಿನೂ ಇರಬಹುದು” ಎಂದು ನನ್ನ ಕಡೆ ನೋಡಿದರು. ಅಂಥ ಕಾಳಜಿಯಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ಏಳುವ ಮುಂಚೆ ವಸ್ತಾದರು ಕೇಳಬೇಕಾದದ್ದನ್ನು ಕೇಳಿದರು. “ಡಾಕ್ತರ, ಖರೆ ಹೇಳ್ರಿ. ಹುಡುಗನ ಗುಂಡಿಗಿ ಹಿಂಗಾದದ್ದು ನನ್ನ ಕೈಯಿಂದೇನು? ನಾ ಹೆಚ್ಚ ದುಡಿಸಿದೆನೇನು?”

ಡಾಕ್ಟರು ಫೋಟೋವನ್ನು ಮತ್ತೊಮ್ಮೆ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ, “ನಿಮ್ಮಿಂದ ಆಗಿದ್ರ ಛಲೋ ಆತು ಅನ್ನಬೇಕ್ರಿ ವಸ್ತಾದರ. ಅದು ಇಳೀತೈತಿ. ನಿಮ್ಮಿಂದ ಆಗಿರದಿದ್ರನ ಕಠಿಣ” ಎಂದರು.

ಅಂದಿನಿಂದ ವಸ್ತಾದರ ಪ್ರಾರ್ಥನೆ ಕೇಳಬೇಕಿತ್ತು. ಲೋಕದವರೆಲ್ಲ ತಪ್ಪು ತಮ್ಮದಾಗದಿರಲಿ ಎಂದು ಬೇಡಿಕೊಂಡರೆ, ಇವರು ಗರಡಿಯ ಹನುಮಪ್ಪನ ಮುಂದೆ ನಿಂತು, “ಅಪ್ಪಾ, ಇದು ನಂದ ತಪ್ಪಿರ್ಲಿ. ಪೂರಾ ನಂದ ತಪ್ಪು ಮಾಡು” ಎಂದು ಬೇಡಿಕೊಳ್ಳುತ್ತಿದ್ದರು. ಹೊಸದಾಗಿ ಬಂದ ಹುಡುಗರು ಇವರು ಏನು ಪಾಪ ಮಾಡಿದ್ದಾರೋ ಎಂದು ಅಂಜುತ್ತಿದ್ದರು. ತಾಲೀಮು ಮುಗಿಸಿ ಹಿತ್ತಲಿಗೆ ಹೋಗಿ ಬಂದ ಹುಡುಗನ ಬೆನ್ನು ತಟ್ಟಿ, “ಶಾಬಾಸ್, ಖಬರ ಮುಟ್ಟೈತಿ” ಎಂದು ಹೇಳುವ ಹೊಸ ರೂಢಿಯೂ ಆಗ ಶುರುವಾಯಿತು.

ಮಲ್ಲುವನ್ನು ಕಾಯುವ ಕೆಲಸವನ್ನು ಅವರೇ ಹೊತ್ತುಕೊಂಡರು. ಹುಡುಗ ಮನೆಯಲ್ಲಿ ಕೂತರೆ ಕದ್ದು ಬೈಠಕ ಹೊಡೆಯುತ್ತಾನೆ ಎಂಬ ಸಂಶಯ. ಅದಕ್ಕೆ ತಮ್ಮ ಮಗ್ಗದ ಮನೆಗೆ ಕರೆದೊಯ್ದು, ಲಾಳಿಯೊಳಗೆ ಇಡುವ ನೂಲಿನ ಕಂಡಿಕೆ ಸುತ್ತಲು ಕೂರಿಸಿದರು. ನಮ್ಮಲ್ಲಿ ಕಂಡಿಕೆ ಸುತ್ತುವುದು ಮುದುಕಿಯರ ಕೆಲಸ. ಓಣಿಯ ನಾಲ್ಕಾರು ಹಲ್ಲಿಲ್ಲದ ಹೆಂಗಸರ ನಡುವೆ ನನ್ನ ಮೊಮ್ಮಗ, ಬಾಗಿಲು ತುಂಬುವಂಥ ಆಳು, ಚಕ್ರ ತಿರುಗಿಸುತ್ತ ಕೂತಿರುತ್ತಿದ್ದ. ನೂಲು ಹರಿದುಕೊಂಡರೆ ಮುದುಕಿಯರು, “ಪೈಲವಾನ, ಕುಸ್ತಿ ಅಲ್ಲೋ ಇದು, ನೂಲನ್ನ ಚಿತ್ ಮಾಡಬ್ಯಾಡ” ಎಂದು ಕಾಡುತ್ತಿದ್ದರು. ಮಲ್ಲು ಮೊದಮೊದಲು ಸಿಟ್ಟಾದ, ಆಮೇಲೆ ಅವರ ಜೊತೆ ಎಲೆ ಅಡಿಕೆ ಹಾಕಲು ಕಲಿತ. ಸಂಜೆ ಗರಡಿಯಿಂದ ತೊಡೆ ತಟ್ಟುವ ಸಪ್ಪಳ ಕೇಳಿದಾಗ ಮಾತ್ರ ಅವನ ಚಕ್ರ ನಿಂತುಬಿಡುತ್ತಿತ್ತು. ಆಗ ವಸ್ತಾದರು ಮಗ್ಗದಿಂದಲೇ, “ಲೇ ಮಲ್ಲ್ಯಾ, ಸುತ್ತು” ಎನ್ನುತ್ತಿದ್ದರು. ಅವರ ಖಟಕ್ ಖಟಕ್ ಮಾತ್ರ ನಿಲ್ಲುತ್ತಿರಲಿಲ್ಲ.

ಒಂದು ಮಧ್ಯಾಹ್ನ ಅದು ನಿಂತಿತು.

ನಾನು ಆ ಹೊತ್ತು ಅಲ್ಲೇ ಕಂಡಿಕೆ ಸುತ್ತುತ್ತಿದ್ದೆ. ತಲೆಯೆತ್ತಿ ನೋಡಿದರೆ ವಸ್ತಾದರು ಮಗ್ಗದ ಮೇಲೆ ಒರಗಿಬಿಟ್ಟಿದ್ದಾರೆ, ಕಣ್ಣು ಮೇಲೆ ಹೋಗಿದೆ. ಮಲ್ಲು ಚಂಗನೆ ಜಿಗಿದು ಎತ್ತಲು ಹೋದ. ಅಷ್ಟರಲ್ಲಿ ಅವರಿಗೆ ಎಚ್ಚರವಾಯಿತು. ಕಣ್ಣು ಬಿಟ್ಟವರು ಆಡಿದ ಮೊದಲ ಮಾತು, “ಮಲ್ಲ್ಯಾ, ನೀ ಎತ್ತಬ್ಯಾಡ.” ಹುಡುಗ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ಅಳುತ್ತ ಗೋಡೆಗೆ ಒರಗಿ ನಿಂತ. ಎಂತೆಂಥ ಪೈಲವಾನರು ಅಲುಗಿಸಲಾರದ ಆಳನ್ನು ನಾವು ನಾಲ್ಕು ಮುದುಕಿಯರು ಎತ್ತಿ ಹಾಸಿಗೆಯ ಮೇಲೆ ಮಲಗಿಸಿದೆವು. “ಶಿರಹಟ್ಟಿಯವರಿಗೆ ಹೇಳಬ್ಯಾಡ್ರಿ, ನನ್ನ ನೀವು ಕೆಡವಿದ್ರಿ ಅಂತ” ಎಂದು ಅವರು ಆಗಲೂ ನಗುತ್ತಿದ್ದರು.

ಅದೇ ಡಾಕ್ಟರು ನೋಡಿದರು. ವಸ್ತಾದರು ಹೆಮ್ಮೆಯಿಂದ ಊರಿಗೆಲ್ಲ ತೋರಿಸುತ್ತಿದ್ದ ಆ ಸಾವಕಾಶದ ನಾಡಿ, ಈಗೀಗ ತಾಲೀಮಿನ ಸಾವಕಾಶವಾಗಿ ಉಳಿದಿರಲಿಲ್ಲವಂತೆ. ವಯಸ್ಸಾದ ಗುಂಡಿಗೆಗೆ ಬಡಿಯಬೇಕೆಂಬ ಹೇಳಿಕೆ ಸರಿಯಾಗಿ ಮುಟ್ಟುತ್ತಿಲ್ಲವಂತೆ. ಹೊರಗಿನಿಂದ ಹಿಡಿದು ನೋಡಿದರೆ ತಾಲೀಮಿನ ಸಾವಕಾಶ, ರೋಗದ ಸಾವಕಾಶ ಎರಡೂ ಒಂದೇ ಥರ. ವಸ್ತಾದರು ಇದನ್ನು ಕೇಳಿ ತಮ್ಮ ಮಣಿಕಟ್ಟನ್ನೇ ನೋಡಿಕೊಂಡರು. “ನನ್ನ ನಾಡಿ ನನಗ ಸುಳ್ಳು ಹೇಳಿತಲ್ರಿ” ಎಂದಷ್ಟೇ ಅಂದರು. ಮುಂಡರಗಿಯಿಂದ ಅವರ ಮಗಳು ಬಂದು ಕರೆದುಕೊಂಡು ಹೋದಳು. ಬಸ್ಸು ಹತ್ತುವಾಗಲೂ ಮಲ್ಲುವಿಗೆ ಹೇಳಿದ್ದು ಅದನ್ನೇ: “ನಾ ಇಲ್ಲಂತ ಗರಡಿಗೆ ಹೋಗಬ್ಯಾಡ. ಕಂಡಿಕಿ ಸುತ್ತು.” ಅವನು ಸುತ್ತಿದ. ಬೇರೆಯವರ ಮಗ್ಗಕ್ಕೆ ಸುತ್ತಿದ. ಬೆಟಗೇರಿಯಲ್ಲಿ ಅವನಷ್ಟು ಕಂಡಿಕೆ ಸುತ್ತಿದ ಪೈಲವಾನ ಇನ್ನೊಬ್ಬನಿಲ್ಲ.

ಈಗ ನಿನ್ನೆಗೆ ಬರುತ್ತೇನೆ. ದವಾಖಾನೆಯಿಂದ ಮನೆಗೆ ಬಂದು, ಸೊಸೆಗೆ ಸುದ್ದಿ ಹೇಳಿ, ಅವಳು ಅಳುವುದು ಮುಗಿಯುವುದರೊಳಗೆ ನಾನು ಸೀರೆ ಬದಲಿಸಿದ್ದೆ. ನಮ್ಮ ಯಜಮಾನರು, “ಈಗ ಎಲ್ಲಿಗ?” ಎಂದರು. “ಮುಂಡರಗಿಗೆ” ಎಂದೆ. “ಊಟನರ ಮಾಡ್ಕೊಂಡು ಹೋಗು.” “ಸಂಜಿಗೆ ಬಂದು ಉಣ್ತೀವಿ, ಹುಗ್ಗಿ ಮಾಡಿಸಿಡ್ರಿ” ಎಂದು ಹೇಳಿ, ಪೇಢೆಯ ಪೊಟ್ಟಣ ಹಿಡಿದು, ಮಲ್ಲುವನ್ನೂ ಕರೆದುಕೊಂಡು ಹೊರಟೆ. ಬಸ್ಸಿನಲ್ಲಿ ಕಂಡಕ್ಟರನಿಗೆ ಪೇಢೆ ಕೊಟ್ಟೆ, ಕುರಿ ಹಿಡಿದುಕೊಂಡು ಕೂತವನಿಗೆ ಕೊಟ್ಟೆ. ಮಲ್ಲು, “ಆಯಿ, ವಸ್ತಾದರಿಗೆ ಉಳೀಲಿ” ಎಂದು ಪೊಟ್ಟಣ ಕಿತ್ತುಕೊಂಡ.

ವಸ್ತಾದರು ಮಗಳ ಮನೆಯ ಮುಂದೆ ಬೇವಿನ ಗಿಡದ ನೆರಳಿನಲ್ಲಿ ಹೊರಸಿನ ಮೇಲೆ ಮಲಗಿದ್ದರು. ಗೂಳಿಯ ಕುತ್ತಿಗೆ ಕರಗಿ ಹೋಗಿತ್ತು. ಅಂಜೂರಿಯ ಕಿವಿ ಮಾತ್ರ ಹಾಗೇ ಇತ್ತು. ನಮ್ಮನ್ನು ಕಂಡು ಏಳಲು ನೋಡಿದರು, ಆಗಲಿಲ್ಲ. ಮಲ್ಲುವಿನ ಮುಖವನ್ನೇ ನೋಡಿದರು.

“ಫೋಟೋ ತಗದ್ರೇನು?” ಎಂದರು.

“ತಗದಾರ್ರಿ. ಸಣ್ಣದಾಗೈತ್ರಿ ವಸ್ತಾದರ. ಪೂರಾ ಇಳದೈತಿ. ರೋಗ ಇರಲಿಲ್ಲಂತ, ಬರೇ ತಾಲೀಮಿಂದ ಆದದ್ದಂತ” ಎಂದ ಮಲ್ಲು.

ವಸ್ತಾದರು ಸ್ವಲ್ಪ ಹೊತ್ತು ಬೇವಿನ ಎಲೆಗಳನ್ನು ನೋಡಿದರು. ಕಣ್ಣಂಚಿನಿಂದ ನೀರು ಇಳಿದು ಆ ಮುದುಡಿದ ಕಿವಿಯೊಳಗೆ ಹೋಯಿತು. ಆಮೇಲೆ ಮೆಲ್ಲಗೆ, “ಹಂಗಾದ್ರ ನಂದ ತಪ್ಪು” ಎಂದರು. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದರು. ಒಳಗೆ ಕೆಲಸದಲ್ಲಿದ್ದ ಮಗಳನ್ನು ಕೂಗಿದರು. “ಬಾರವ್ವಾ ಇಲ್ಲೆ, ಕೇಳು. ಎಲ್ಲಾ ನಂದ ತಪ್ಪಂತ. ಫೋಟೋದಾಗ ಬಂದೈತಿ. ಪೂರಾ ನಂದ ತಪ್ಪು.” ಅವರು ನಗುತ್ತಿದ್ದ ರೀತಿಗೆ ಹೊರಸು ಕಿರುಗುಟ್ಟುತ್ತಿತ್ತು. ತಪ್ಪು ತನ್ನದೆಂದು ಖಾತ್ರಿಯಾಗಿ ಅಷ್ಟು ಸಂತೋಷಪಟ್ಟವರನ್ನು ಮುಂಡರಗಿಯ ಆ ಓಣಿ ಹಿಂದೆ ಕಂಡಿರಲಿಕ್ಕಿಲ್ಲ. ಅಕ್ಕಪಕ್ಕದವರು ಬಂದು ನಿಂತರು. ವಸ್ತಾದರು ತಮ್ಮ ಕೈಯಿಂದಲೇ ಎಲ್ಲರಿಗೂ ಪೇಢೆ ಕೊಟ್ಟರು. “ಈ ಸಲ ಇದು ಸಂತೋಷದ್ದ ಐತ್ರಿ, ನಾ ಪೂರಾ ಕೇಳೇನಿ” ಎಂದು ಒಬ್ಬೊಬ್ಬರಿಗೂ ಹೇಳಿದರು.

ಮಲ್ಲುವಿಗೆ, “ಡಾಕ್ತರ ಹೇಳಿದಷ್ಟ ಮಾಡು. ಅವರು ಒಂದು ಮಾತು ಅಂದ್ರ ಎದ್ದು ಓಡಬ್ಯಾಡ, ಎರಡನೇದೂ ಕೇಳು” ಎಂದರು.

ಹೊರಡುವ ಹೊತ್ತಾಯಿತು. ವಸ್ತಾದರು ತಮ್ಮ ಮಣಿಕಟ್ಟನ್ನು ನನ್ನ ಕಡೆ ಚಾಚಿದರು. “ಗಂಗಕ್ಕಾರ, ಇವತ್ತ ನೀವ ನೋಡಿ ಹೇಳ್ರಿ. ಯಾವ ಮಗ್ಗ?”

ಇಷ್ಟು ವರ್ಷದಲ್ಲಿ ನಾನು ಆ ನಾಡಿ ಹಿಡಿದವಳಲ್ಲ. ಹೊರಸಿನ ಪಕ್ಕದಲ್ಲಿ ಕೂತು, ಅವರು ಇಡುತ್ತಿದ್ದ ಹಾಗೆಯೇ ಬೆರಳಿಟ್ಟೆ. ಒಂದು ಬಡಿತ ಸಿಕ್ಕಿತು. ಇನ್ನೊಂದಕ್ಕೆ ಕಾದೆ. ಬರಲಿಲ್ಲ. ನನ್ನ ಮುಖದಲ್ಲಿ ಏನು ಕಂಡಿತೋ, ವಸ್ತಾದರು ಕಣ್ಣು ಮುಚ್ಚಿಕೊಂಡೇ, “ಗಾಬರಿ ಆಗಬ್ಯಾಡ್ರಿ. ನೇಕಾರ ಚಾ ಕುಡ್ಯಾಕ ಹೋಗ್ಯಾನ, ಬರ್ತಾನ” ಎಂದರು. ಆಗ ಬಂತು. ಖಟಕ್.

“ಕೈಮಗ್ಗ ಐತ್ರಿ ವಸ್ತಾದರ” ಎಂದೆ.

“ಇವತ್ತ ನೋಡಿ ಹೇಳಿದ್ರಿ” ಎಂದರು.

ನಾವು ಬಸ್ಸು ಹಿಡಿದು ಬೆಟಗೇರಿಗೆ ಬಂದೆವು. ಓಣಿಯ ತಿರುವಿನಲ್ಲೇ ತುಪ್ಪದ ವಾಸನೆ ಬಂತು. ಶಾಂತವ್ವ ಗೋಧಿ ಹುಗ್ಗಿ ಮಾಡಿದ್ದಳು, ಬದನೆಕಾಯಿ ಎಣಗಾಯಿ ಮಾಡಿದ್ದಳು. ಬಿಸಿ ರೊಟ್ಟಿಯ ರಾಶಿ, ಶೇಂಗಾ ಚಟ್ನಿ, ಗಡಿಗೆಯ ಮೊಸರು. ನಮ್ಮ ಮನೆಯಲ್ಲಿ ಮೊದಲು ಗಂಡಸರು ಉಂಡು, ಆಮೇಲೆ ಹೆಂಗಸರು. ನಿನ್ನೆ ನಾನು, “ಇವತ್ತ ಹಿಂದ ಮುಂದ ಇಲ್ಲ” ಎಂದು ಪಾತ್ರೆಗಳನ್ನೆಲ್ಲ ಪಡಸಾಲೆಯ ನಡುವೆ ತಂದಿಟ್ಟೆ. ಯಜಮಾನರು, ಮಗ, ಸೊಸೆ, ಮಲ್ಲು, ನಾನು, ಎಲ್ಲರೂ ಸುತ್ತ ಕೂತೆವು. ಕಂಡಿಕೆಯ ಮುದುಕಿಯರೂ ಕರೆಯದೆಯೇ ಬಂದರು. ಅವರಿಗೆ ಹಲ್ಲಿಲ್ಲ ಎಂದು ಶಾಂತವ್ವ ಹುಗ್ಗಿಯನ್ನು ಮೆತ್ತಗೆ ಬೇಯಿಸಿದ್ದಳು.

ಮಲ್ಲು ಬಲಗೈಯಲ್ಲಿ ತುತ್ತು ಹಿಡಿದು, ಎಡಗೈ ಚಾಚಿ ನನ್ನ ಮಣಿಕಟ್ಟು ಹಿಡಿದ. ಕಣ್ಣು ಮುಚ್ಚಿದ. ಕುತ್ತಿಗೆ ವಾಲಿಸಿದ. ಎಲ್ಲರೂ ತಿನ್ನುವುದು ನಿಲ್ಲಿಸಿದರು.

“ಆಯಿ, ಇಷ್ಟ ವರ್ಷ ವಸ್ತಾದರಿಗೆ ಸುಳ್ಳ ಹೇಳಿದಿ” ಎಂದ. “ನಿಂದು ಪವರ್‌ಲೂಮು.”

ಮುದುಕಿಯರು ನಕ್ಕು ನಕ್ಕು ಒಬ್ಬರ ಮೇಲೊಬ್ಬರು ಬಿದ್ದರು. ನಮ್ಮ ಯಜಮಾನರು ಮಾತ್ರ ತಾಟನ್ನು ನನ್ನ ಮುಂದೆ ಸರಿಸಿ, “ಹಂಗಾದ್ರ ಕರೆಂಟ ಹೋಗೂದ್ರೊಳಗ ಇನ್ನೊಂದ ಸವಟು ಹುಗ್ಗಿ ಹಾಕು” ಎಂದರು.

ಹಾಕಿದೆ.